ಕೇಳಿದವರ ಹೆಸರು

ತುಂಗಕ್ಕನ ನಡುಮನೆಯ ಫ್ಯಾನು ಆರಿಸಿದ ಮೇಲೂ ಕೆಲಹೊತ್ತು ತಿರುಗುತ್ತಲೇ ಇರುತ್ತಿತ್ತು. ರೆಕ್ಕೆಗಳು ನಿಧಾನಕ್ಕೆ ಬಿಡಿಬಿಡಿಯಾಗಿ ಕಾಣತೊಡಗಿ, ಕೊನೆಗೊಮ್ಮೆ ಕಿರ್ರೆಂದು ನಿಂತಾಗ ಹಾಲಪ್ಪ ಮೇಷ್ಟ್ರು ರೆಕಾರ್ಡಿಂಗಿಗೆ ಮೊಬೈಲಿನ ಕೆಂಪು ಗುಂಡಿ ಒತ್ತಿ ತಲೆಯಾಡಿಸುತ್ತಿದ್ದರು. ತುಂಗಕ್ಕ ಕಣ್ಣು ಮುಚ್ಚಿ ಪದ್ಯ ಎತ್ತಿಕೊಳ್ಳುತ್ತಿದ್ದರು. ಅವರ ಎಡಗಡೆ ನಾನು ಕೂತಿರುತ್ತಿದ್ದೆ.

ನನ್ನ ಕೆಲಸ ಹೂಂಗುಡುವುದು. ನಮ್ಮ ಊರಿನಲ್ಲಿ ಕಾವ್ಯ ಓದುವವರ ಪಕ್ಕ ಒಬ್ಬರು ಕೂತು, ಮಾತು ಮುಗಿದ ಕಡೆ ‘ಹೂಂ’ ಎನ್ನುವುದು ರೂಢಿ. ಸಾಲು ಮುಗಿದ ಕಡೆ ಅಲ್ಲ, ಮಾತು ಮುಗಿದ ಕಡೆ. ಹಳೆಯ ಪದ್ಯದಲ್ಲಿ ಒಂದು ಸಾಲಿನ ತುದಿಯಲ್ಲಿ ಅರ್ಧವಾದ ಪದ ಮುಂದಿನ ಸಾಲಿಗೆ ದಾಟಿ ಹೋಗುತ್ತದೆ. ಅಲ್ಲಿ ಹೂಂ ಅಂದವರು ಕೇಳುತ್ತಿಲ್ಲ ಎಂದೇ ಅರ್ಥ. ಅಜ್ಜನ ತೊಡೆಯ ಮೇಲೆ ಕೂತು ನಾನು ಕಲಿತ ಮೊದಲ ವಿದ್ಯೆ ಇದು. ದೇವರ ಮುಂದೆ ದೀಪ ಹಚ್ಚುವಷ್ಟೇ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದೇನೆ. ಓದಲು ನನಗೆ ಬಾರದು, ಬರಬೇಕೆಂದೂ ಅನ್ನಿಸಿರಲಿಲ್ಲ. ಕೇಳಲು ಬರುತ್ತಿತ್ತು.

ಹಾಲಪ್ಪ ಮೇಷ್ಟ್ರು ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಸಲಕರಣೆಗಳೆಂದರೆ ಅವರಿಗೆ ಪ್ರಾಣ. ಒಂದರಲ್ಲಿ ಪ್ರಶ್ನೆಪತ್ರಿಕೆ ಮಾಡುವರು, ಇನ್ನೊಂದರಲ್ಲಿ ನಕ್ಷೆ ಬಿಡಿಸುವರು, ಎಲ್ಲವನ್ನೂ ತಮ್ಮ ಬ್ಲಾಗಿಗೆ ಏರಿಸುವರು. ಆ ವರ್ಷ ಅವರ ಹತ್ತನೇ ತರಗತಿಯಲ್ಲಿ ಶಮೀಮಾ ಎಂಬ ಹುಡುಗಿಯಿದ್ದಳು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಉಳಿದ ಪಾಠಗಳನ್ನು ಮೊಬೈಲು ಓದಿ ಹೇಳುತ್ತಿತ್ತು. ಪದ್ಯ ಬಂದರೆ ಮಾತ್ರ ಅದು ಪ್ರತಿ ಸಾಲಿನ ಕೊನೆಗೂ ನಿಂತು, ಪದಗಳ ಸೊಂಟ ಮುರಿದುಹಾಕುತ್ತಿತ್ತು. ಪಬ್ಲಿಕ್ ಪರೀಕ್ಷೆಯಲ್ಲಿ ಪದ್ಯಭಾಗ ಬಿಟ್ಟರೆ ಕನ್ನಡ ಪಾಸಾಗುವುದೇ ಅನುಮಾನ. ಪಾಸಾಗದಿದ್ದರೆ ಓದು ಬಿಡಿಸುವುದೆಂದು ಅವಳ ಮನೆಯಲ್ಲಿ ಆಗಲೇ ಮಾತಾಗಿತ್ತು. ಹಾಗಾಗಿ ಮೇಷ್ಟ್ರು, ಊರಿನಲ್ಲಿ ಕಾವ್ಯ ಓದಬಲ್ಲವರೆಂದು ಉಳಿದಿದ್ದ ತುಂಗಕ್ಕನ ಬಾಗಿಲಿಗೆ ಬಂದರು.

ಪಠ್ಯದಲ್ಲಿದ್ದದ್ದು ಬತ್ತಿಹೋಗುತ್ತಿರುವ ನದಿಯೊಂದಿಗೆ ರಾಣಿಯೊಬ್ಬಳು ನಡೆಸುವ ಸಂವಾದ. ಮೊದಲ ಭಾಗವನ್ನು ಮೇಷ್ಟ್ರು ಇದ್ದ ಹಾಗೇ ಬ್ಲಾಗಿಗೆ ಹಾಕಿದರು. ಬೀದಿ ನಾಯಿಯೂ ಪಕ್ಕದ ಮನೆಯ ಕುಕ್ಕರೂ ಅದರಲ್ಲಿದ್ದವು. ಶಮೀಮಾ ಅದನ್ನು ಕೇಳಿ ತರಗತಿಯಲ್ಲಿ ಅರ್ಥ ಹೇಳಿದ ರೀತಿಗೆ ಮೇಷ್ಟ್ರು ಹಿಗ್ಗಿ, ಹಣ್ಣು ಹಿಡಿದುಕೊಂಡು ಬಂದಿದ್ದರು. ಆಮೇಲೆ ಕೆಲವು ಭಾಗಗಳನ್ನು ತುಂಗಕ್ಕ ಓದಿಕೊಟ್ಟರು.

ಒಂದು ಸಂಜೆ ಮೇಷ್ಟ್ರು ಉತ್ಸಾಹದಿಂದ ಬಂದು ಮೊಬೈಲನ್ನು ತುಂಗಕ್ಕನ ಮುಂದೆ ಹಿಡಿದರು. ತುಂಗಕ್ಕ ತಮ್ಮದೇ ದನಿಯನ್ನು ತುಸು ಹೊತ್ತು ಕೇಳಿದರು. ಹುಬ್ಬು ಗಂಟಾಯಿತು.

“ಮೇಷ್ಟ್ರೇ, ಇದು ಯಾರ ಮನೇಲಿ ಓದಿದ್ದು?”

“ನಿಮ್ಮನೇಲೇ ಅಕ್ಕ. ಎಷ್ಟು ಕ್ಲೀನಾಗಿದೆ ನೋಡಿ. ಹೊಸ ವೆಬ್‌ಸೈಟ್ ಒಂದು ಸಿಕ್ತು. ನಾಯಿ ಇಲ್ಲ, ಕುಕ್ಕರ್ ಇಲ್ಲ. ನಡುನಡುವೆ ಸುಮ್ಮನೆ ಇದ್ದ ಜಾಗಾನೂ ಅದೇ ಕತ್ತರಿಸಿಬಿಡುತ್ತೆ.”

“ಇವಳೂ ಇಲ್ಲ.” ತುಂಗಕ್ಕ ಗಲ್ಲದಿಂದ ನನ್ನನ್ನು ತೋರಿಸಿದರು.

ಮೇಷ್ಟ್ರು ತಡವರಿಸಿದರು. “ಅದಕ್ಕೆ ಓದೋ ದನಿ ಒಂದೇ ಗೊತ್ತಾಗೋದು ಅಕ್ಕ. ಮಿಕ್ಕಿದ್ದೆಲ್ಲ ಗಲಾಟೆ ಅಂದ್ಕೊಂಡು ತೆಗೆದುಬಿಡುತ್ತೆ.”

“ಓಹೋ. ಇಷ್ಟು ವರ್ಷ ಇವಳು ನನ್ನ ಪಕ್ಕ ಕೂತು ಗಲಾಟೆ ಮಾಡ್ತಿದ್ದಳು ಅನ್ನಿ. ನನಗೆ ಗೊತ್ತೇ ಆಗಿರಲಿಲ್ಲ.”

“ಹೋಗಲಿ ಬಿಡಿ ತುಂಗಕ್ಕ,” ಎಂದೆ ನಾನು. “ಪದ್ಯ ಮುಖ್ಯ. ನನ್ನ ಹೂಂ ಇದ್ದರೇನು, ಇಲ್ಲದಿದ್ದರೇನು.”

“ನೀನು ಹೂಂ ಅನ್ನೋಕೆ ಮಾತ್ರ ಬಾಯಿ ಬಿಡು, ಸಾಕು,” ಎಂದು ನನ್ನ ಬಾಯಿ ಮುಚ್ಚಿಸಿ ಮೇಷ್ಟ್ರ ಕಡೆ ತಿರುಗಿದರು. “ಖಾಲಿ ಮನೇಲಿ ಕೂತು ಓದಿದ ಹಾಗಿದೆ. ಹಾಗೆ ಓದೋರನ್ನ ಜನ ಏನಂತಾರೆ ಗೊತ್ತಲ್ಲ? ಉಳಿದದ್ದು ನೀವು ಬೇರೆ ಯಾರ ಹತ್ರಾನಾದ್ರೂ ಓದಿಸಿಕೊಳ್ಳಿ.”

ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟುಹೋದರು. ಬೇರೆ ಯಾರೂ ಇಲ್ಲವೆಂಬುದು ಮೂವರಿಗೂ ಗೊತ್ತಿತ್ತು.

ಮುಂದಿನ ವಾರ ಅವರು ಮತ್ತೆ ಬಂದರು, ಈ ಸಲ ಶಮೀಮಾಳೊಂದಿಗೆ. ಹುಡುಗಿ ಹೊಸ್ತಿಲನ್ನು ಕಾಲ್ಬೆರಳಿನಿಂದ ಮುಟ್ಟಿ ನೋಡಿ ಒಳಗೆ ಬಂದಳು. ಚಾಪೆಯ ಮೇಲೆ ಕೂತವಳೇ ತುಂಗಕ್ಕನ ದನಿ ಬಂದತ್ತ ಮುಖ ತಿರುಗಿಸಿದಳು.

“ಅಜ್ಜಿ, ಮೊದಲನೇ ಆಡಿಯೋದಲ್ಲಿ ಇನ್ನೊಬ್ಬರು ಇದ್ರಲ್ಲ, ಅವರ ಜೊತೆ ಜಗಳ ಆಡಿದ್ರಾ?”

“ಯಾಕಮ್ಮ?”

“ಆಮೇಲೆ ಅವರು ಬರಲೇ ಇಲ್ಲ. ಅವರು ಹೂಂ ಅಂದ ತಕ್ಷಣ ನನಗೆ ಗೊತ್ತಾಗೋದು, ರಾಣಿ ಮಾತು ಮುಗೀತು, ಇನ್ನು ನದಿ ಮಾತಾಡುತ್ತೆ ಅಂತ. ಈಗ ಇಬ್ಬರೂ ಒಂದೇ ಉಸಿರಲ್ಲಿ ಮಾತಾಡ್ತಾರೆ. ಊರು ಬಿಟ್ಟು ಹೋಗ್ತೀನಿ ಅಂತ ರಾಣಿ ಹೇಳಿದ್ದು ಅಂದ್ಬಿಟ್ಟೆ. ಕ್ಲಾಸೆಲ್ಲ ನಕ್ಕಿತು.”

ಊರು ಬಿಡುತ್ತೇನೆಂದು ಹೇಳುವುದು ನದಿ. ಪುಸ್ತಕದಲ್ಲಿ ಯಾರ ಮಾತು ಎಲ್ಲಿ ಮುಗಿಯಿತೆಂದು ಕಣ್ಣಿಗೆ ಕಾಣುವಂತೆ ಗುರುತು ಹಾಕಿರುತ್ತಾರೆ. ತುಂಗಕ್ಕ ಮಾತ್ರ ಪಾತ್ರಕ್ಕೊಂದು ದನಿ ಬದಲಿಸುವವರಲ್ಲ. ಅದು ನಾಟಕದವರ ಕೆಲಸ ಎನ್ನುತ್ತಿದ್ದರು. ಒಂದು ಮಾತು ಮುಗಿದರೆ ತುಸು ನಿಲ್ಲುವರು, ನಾನು ಹೂಂ ಅನ್ನುವೆ, ಅವರು ಮುಂದೆ ಹೋಗುವರು. ನಾವಿಬ್ಬರೂ ಸೇರಿ ಓದುತ್ತಿದ್ದೆವೆಂದು ಆ ಹುಡುಗಿ ಹೇಳುವವರೆಗೆ ನನಗೇ ತಿಳಿದಿರಲಿಲ್ಲ.

ಮೇಷ್ಟ್ರ ಮುಖ ಸಣ್ಣಗಾಗಿತ್ತು. “ಮೂಲದ್ದೆಲ್ಲ ಅಳಿಸಿಬಿಟ್ಟಿದ್ದೀನಿ ಅಕ್ಕ, ಜಾಗ ಸಾಲಲ್ಲ ಅಂತ. ಮೊದಲನೇದು ಒಂದು ಉಳಿದಿದೆ. ಪರೀಕ್ಷೆ ಬೇರೆ ಹತ್ತಿರ ಬಂತು.”

ತುಂಗಕ್ಕ ಎದ್ದು ಹೋಗಿ ಫ್ಯಾನು ಆರಿಸಿದರು. ರೆಕ್ಕೆಗಳು ನಿಧಾನವಾಗುತ್ತಿದ್ದಂತೆ ಶಮೀಮಾ ಮುಖ ಮೇಲೆತ್ತಿ, ಅದು ನಿಲ್ಲುವುದನ್ನು ನಮಗಿಂತ ಮೊದಲೇ ಕೇಳಿಸಿಕೊಂಡಳು. ಮೇಷ್ಟ್ರು ಮೊಬೈಲನ್ನು ಈ ಸಲ ನಮ್ಮಿಬ್ಬರ ನಡುವೆ ಇಟ್ಟರು.

ಎರಡನೆಯ ಭಾಗದಿಂದ ಎಲ್ಲವನ್ನೂ ಮತ್ತೆ ಓದಿದೆವು. ಒಂದೊಂದು ಸಂಜೆ ತುಂಗಕ್ಕನ ಗಂಟಲು ಕಟ್ಟುತ್ತಿತ್ತು. ಶುಂಠಿ ಕಷಾಯ ಕುಡಿದು ಮುಂದುವರಿಸುತ್ತಿದ್ದರು. ನನ್ನ ಹೂಂ ಎಂದಿನಂತೆಯೇ ಇತ್ತು. ಮೈಕು ಇದೆಯೆಂದು ಜೋರಾಗಿ ಅನ್ನಲಿಲ್ಲ, ನಾಚಿ ನುಂಗಿಕೊಳ್ಳಲೂ ಇಲ್ಲ. ನಾಯಿ ಬೊಗಳಿದರೆ ಬೊಗಳಲಿ ಎಂದು ಬಿಟ್ಟೆವು.

ಕೊನೆಯ ಭಾಗ ಬ್ಲಾಗಿಗೆ ಏರಿದ ದಿನ ಮೇಷ್ಟ್ರು ಪುಟ ತೆರೆದು ಓದಿ ಹೇಳಿದರು. ಪದ್ಯದ ಕೆಳಗೆ ‘ಓದಿದವರು’ ಎಂದು ತುಂಗಕ್ಕನ ಹೆಸರಿತ್ತು. ಅದರ ಕೆಳಗೆ ‘ಕೇಳಿದವರು’ ಎಂದು ನನ್ನದಿತ್ತು. ಬೇಡವೆನ್ನಬೇಕೆಂದು ನನಗೆ ಅನ್ನಿಸಲಿಲ್ಲ. ಮಾಡಿದ ಕೆಲಸಕ್ಕೆ ಇಟ್ಟ ಹೆಸರು ಅದು, ಸರಿಯಾಗಿಯೇ ಇತ್ತು.

ಕನ್ನಡ ಪರೀಕ್ಷೆಯ ದಿನ ತುಂಗಕ್ಕ ನನ್ನನ್ನೂ ಕರೆದುಕೊಂಡು ಶಾಲೆಯ ಗೇಟಿನ ಹೊರಗೆ ಹೋಗಿ ನಿಂತರು. “ಸುಮ್ಮನೆ ಈ ಕಡೆ ಕೆಲಸ ಇತ್ತು,” ಎಂದು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಗಂಟೆ ಹೊಡೆದು ಎಷ್ಟೋ ಹೊತ್ತಿನ ಮೇಲೆ ಶಮೀಮಾ ಬಂದಳು. ಅವಳು ಹೇಳಿದ್ದನ್ನು ಬರೆದುಕೊಡಲು ನೇಮಿಸಿದ್ದ ಒಂಬತ್ತನೇ ತರಗತಿಯ ಕಾವೇರಿಯ ಹೆಗಲ ಮೇಲೆ ಕೈಯಿಟ್ಟಿದ್ದಳು.

“ಏನಾಯ್ತೇ?” ತುಂಗಕ್ಕ ಕೇಳಿದರು.

“ರಾಣಿ, ನದೀದೇ ಬಂದಿತ್ತು ಅಜ್ಜಿ. ದೊಡ್ಡ ಪ್ರಶ್ನೆ. ಎಲ್ಲ ಹೇಳಿದೆ, ಯಾರದು ಯಾವ ಮಾತು ಅಂತ. ಆದರೆ ಇವಳು ನೋಡಿ, ಬರೆಯೋದು ಬಿಟ್ಟು ಕೇಳ್ತಾ ಕೂತುಬಿಟ್ಟಳು. ಪೆನ್ನಿನ ಸದ್ದೇ ಇಲ್ಲ. ಬರಿಯೇ, ಟೈಮ್ ಆಗುತ್ತೆ ಅಂತ ನಾನೇ ತಿವಿದೆ.”

“ಆಮೇಲೆ ಬರೆದೆನಲ್ಲಕ್ಕ, ಎಲ್ಲಾ ಬರೆದೆ,” ಎಂದಳು ಕಾವೇರಿ, ನೋಯುವ ಬೆರಳುಗಳನ್ನು ಕೊಡವುತ್ತ. ಆಮೇಲೆ ತುಂಗಕ್ಕನ ಕಡೆ ನೋಡಿ ಮೆಲ್ಲಗೆ ಕೇಳಿದಳು. “ಹೋಗ್ತೀನಿ ಅನ್ನೋದಕ್ಕೇ ಪುಸ್ತಕದಲ್ಲಿ ನಿಂತುಹೋಗಿದೆಯಂತೆ. ನದಿ ನಿಜವಾಗಲೂ ಹೋಯ್ತಾ?”

ಮಕ್ಕಳ ಸೈಕಲ್ಲುಗಳು ಒಂದೊಂದಾಗಿ ಗೇಟು ದಾಟಿ ಹೋಗುತ್ತಿದ್ದವು. ತುಂಗಕ್ಕ ಸುತ್ತ ಕಣ್ಣಾಡಿಸಿ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲಿದ್ದ ಒಣಗಿದ ಹೂಗಳನ್ನು ಸೆರಗಿನಿಂದ ಒರೆಸಿ ಕೂತರು. ಹುಡುಗಿಯರಿಬ್ಬರೂ ಅವರ ಕಾಲ ಬಳಿ ನೆಲದಲ್ಲೇ ಕೂತರು. ನಾನು ಚೀಲವನ್ನು ಕೆಳಗಿಟ್ಟು, ಅವರ ಎಡಕ್ಕೆ ಇದ್ದ ಜಾಗದಲ್ಲಿ ಕೂತೆ.