ಬೆಂಡು ಮುಳುಗುವ ಮೊದಲು

ಓಬಮ್ಮನಿಗೆ ಮೀನಿನ ವಾಸನೆ ಕಂಡರೆ ಆಗದು. ಕುರಿ ಸಾಕುವ ಮನೆತನ. ಹಬ್ಬಕ್ಕೆ ಮರಿ ಕಡಿದದ್ದುಂಟು, ಮೀನು ಹೊಸ್ತಿಲು ದಾಟಿದ್ದಿಲ್ಲ. ಅಂಥವಳು ತೊಂಬತ್ತೆಂಟನೇ ಇಸವಿಯ ಮಾಗಿಯಲ್ಲಿ, ಹಲವಾಗಲಿನ ಹೊಳೆದಂಡೆಯಲ್ಲಿ, ಮೂರನೇ ದಿನವೂ ಗಾಳ ಹಿಡಿದು ಕೂತಿದ್ದಳು.

ಕಾರಣ ಸೊಸೆ ಶೃತಿ. ಏಳು ತಿಂಗಳ ಬಸುರಿ. ಹೆತ್ತವ್ವ ತೀರಿಕೊಂಡು ವರ್ಷವಾಗಿತ್ತು. ಚೊಚ್ಚಲ ಬಾಣಂತನಕ್ಕೂ ತವರಿಲ್ಲ. ಏನು ಬೇಕೆಂದರೂ "ಏನೂ ಬ್ಯಾಡ್ರಿ ಅತ್ತಿ" ಎನ್ನುತ್ತಿದ್ದ ಹುಡುಗಿ ಮೊನ್ನೆ, "ನಮ್ಮವ್ವ ಹೊಳಿ ಸಣ್ಣ ಮೀನಿನ ಹುಳಿಸಾರು ಮಾಡ್ತಿದ್ಳು" ಎಂದು ನಾಲಿಗೆ ಕಚ್ಚಿಕೊಂಡಿದ್ದಳು. ಬಸುರಿ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂಬ ಮಾತುಂಟು. ಮಗ ಕುರಿಹಿಂಡಿನ ಹಿಂದೆ ದೂರ ಹೋಗಿದ್ದ. ಸಂತೆಗೆ ಬರುವುದೆಲ್ಲ ದೊಡ್ಡ ಮೀನು. ತಾನೇ ಹಿಡಿದರಾಯಿತು ಎಂದು ಓಬಮ್ಮ ಸೆರಗು ಸಿಕ್ಕಿಸಿದಳು.

ಗಾಳದ ಕೋಲು ಕೊಟ್ಟವನು ಮಂಜಣ್ಣ, ದೊಡ್ಡ ಮೀನಿನ ಬೇಟೆಗಾರ. "ನೀರ ಮ್ಯಾಲೆ ತೇಲೋ ಜ್ವಾಳದ ದಂಟಿನ ಬೆಂಡು ಪೂರಾ ಮುಳುಗಿದ ಮ್ಯಾಲೆ ಎಳಿಬೇಕು ನೋಡಕ್ಕ" ಎಂದಿದ್ದ. ಎರಡು ದಿನ ಹಾಗೇ ಮಾಡಿದಳು. ಬೆಂಡು ಟುಕ್ ಎನ್ನುವುದು, ಎಳೆದರೆ ಎರೆಹುಳುವೂ ಇಲ್ಲ, ಮೀನೂ ಇಲ್ಲ.

"ಅವು ಕಳ್ ಮುಂಡೇವು, ಯಾರ ಕೈಗೂ ಸಿಗಂಗಿಲ್ಲ. ಮನಿಗೆ ಹೋಗಕ್ಕ" ಎಂದ ಬದಿಯಲ್ಲೇ ಕೂತಿದ್ದ ಮಂಜಣ್ಣ.

"ಹೋಗ್ತೀನಿ, ಮೀನು ತಗಂಡು."

ಸಿಟ್ಟಿನಲ್ಲಿ ಬೆಂಡನ್ನೇ ದಿಟ್ಟಿಸುತ್ತಿದ್ದಾಗ ಅವಳಿಗೆ ಹೊಳೆಯಿತು. ಹತ್ತಿರದ ಅರಸೀಕೆರೆ ಸಂತೆಯಲ್ಲಿ ಇಪ್ಪತ್ತು ವರ್ಷ ಶೇಂಗಾ ತೂಗಿದವಳು. ಗಿರಾಕಿ ತಟ್ಟೆ ನೋಡುತ್ತಾನೆ. ಅವಳು ತಕ್ಕಡಿಯ ಮುಳ್ಳು ನೋಡುತ್ತಾಳೆ. ತಟ್ಟೆ ಇಳಿಯುವ ಮೊದಲೇ ಮುಳ್ಳು ನಡುಗುತ್ತದೆ. ಈ ಹೆಬ್ಬೆರಳು ದಪ್ಪದ ಬೆಂಡು ಮುಳುಗುವಷ್ಟರಲ್ಲಿ ಆ ಕಳ್ಳರು ಉಂಡು ಕೈತೊಳೆದಿರುತ್ತಾರೆ!

ಬೆಂಡನ್ನು ಸೀಳಿ ಕಡ್ಡಿಯಷ್ಟು ಸಣ್ಣ ಮಾಡಿದಳು. ಹೆಗಲಿಗೆ ಹಾಕಿ ತಂದಿದ್ದ ಸಂತೆಯ ಚೀಲದಲ್ಲೇ ಉಳಿದಿದ್ದ ತಕ್ಕಡಿಯಿಂದ, ತಟ್ಟೆ ಸಮವಾಗಲೆಂದು ಕಟ್ಟಿದ್ದ ಸೀಸದ ಚೂರು ಬಿಚ್ಚಿ, ಕಲ್ಲಿನಿಂದ ಜಜ್ಜಿ, ದಾರಕ್ಕೆ ಇಷ್ಟಿಷ್ಟೇ ಸುತ್ತಿದಳು. ಕೊನೆಗೆ ನೀರಿನ ಮೇಲೆ ಬೆಂಡಿನ ತುದಿ ಜೋಳದ ಕಾಳಿನಷ್ಟೇ ಉಳಿಯಿತು. ಜೋತಾಡುವ ಹುಳುವನ್ನು ಚಿವುಟಿ, ಗಾಳದ ಮೊನೆ ಮುಚ್ಚುವಷ್ಟು ಮಾತ್ರ ಚುಚ್ಚಿದಳು.

ತುದಿ ನಡುಗಿತು. ಕೋಲು ಎತ್ತಲಿಲ್ಲ, ಬರೀ ಮಣಿಕಟ್ಟಿನಿಂದ ಮೀಟಿದಳು. ತಪ್ಪಿತು. ಮತ್ತೆ ನಡುಗಿತು, ಮತ್ತೆ ತಪ್ಪಿತು. "ತಡ ನಂದೇ" ಎಂದು ಬೈದುಕೊಂಡು ಉಸಿರು ಬಿಗಿಹಿಡಿದಳು. ಮೂರನೆಯ ಸಲ ದಾರದ ತುದಿಯಲ್ಲಿ ಬೆರಳುದ್ದದ ಬೆಳ್ಳಿ ಮೀನು ಪಟಪಟನೆ ಒದ್ದಾಡಿತು.

"ಎಲಾ! ಬೆಂಡು ಮುಳುಗಲೇ ಇಲ್ಲಲ್ಲಕ್ಕ!" ಎಂದ ಮಂಜಣ್ಣ.

"ಮುಳುಗೋತನ ಕಾಯಾಕ ನಾನೇನು ಗಿರಾಕಿ ಏನಪ?"

ಮಧ್ಯಾಹ್ನಕ್ಕೆ ಬುಟ್ಟಿಯಲ್ಲಿ ಹನ್ನೊಂದು ಮೀನಿದ್ದವು.

ಶೃತಿ ಕಣ್ಣೊರೆಸಿಕೊಳ್ಳುತ್ತ, ಹುಣಸೆಹುಳಿ ಹಿಂಡಿ, ಸಾರು ತಾನೇ ಕಾಯಿಸಿದಳು. ಓಬಮ್ಮ ಮೂಗಿಗೆ ಸೆರಗು ಒತ್ತಿ ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಮುಂದಿಟ್ಟುಕೊಂಡ ಹುಡುಗಿ ತುತ್ತೆತ್ತಲಿಲ್ಲ.

"ಬರ್ರಿ ಅತ್ತಿ. ಒಬ್ಬಾಕಿನ ತಿನ್ನಾಕ ಮನಸ್ಸಿಲ್ಲ."

"ನನಗ ಮುಳ್ಳು ಬಿಡಿಸಾಕ ಬರಂಗಿಲ್ಲವ್ವ."

ಶೃತಿ ಒಂದು ಮೀನನ್ನು ಸೀಳಿ, ಒಂದೊಂದೇ ಮುಳ್ಳು ಕಿತ್ತು ಬದಿಗಿಟ್ಟಳು. "ನಮ್ಮವ್ವ ನನಗ ಹಿಂಗ ಬಿಡಿಸಿ ಕೊಡ್ತಿದ್ಳು" ಎಂದು ತುತ್ತು ಮಾಡಿ ಕೈ ಚಾಚಿದಳು.

ಓಬಮ್ಮ ಮೂಗಿನ ಸೆರಗು ತೆಗೆದು ಬಾಯಿ ತೆರೆದಳು.