ಸೊನ್ನೆಯ ತುದಿ ಹಿಡಿದ ಕೈ

ಮಣಿಕಟ್ಟಿಗೆ ಸುತ್ತಿದ ಈ ಕಾಗದದ ಪಟ್ಟಿ ಕೂದಲು ಕೀಳುತ್ತಿದೆ, ಹಳದಿ ಬಣ್ಣ, ಮೇಲೆ ಸಂದರ್ಶಕ ಎಂದು ಅಚ್ಚು — ಸಂದರ್ಶಕನಂತೆ, ನಾನು, ಮೂವತ್ತೊಂದು ವರ್ಷ ಈ ಮೈದಾನದ ಹುಲ್ಲಿಗೆ ನೀರು ಹಾಯಿಸಿ ಗೆರೆ ಎಳೆದವನು, ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂಬಾಗಿಲಿನಿಂದ ಬರುತ್ತಿದ್ದವನು, ಇವತ್ತು ಮುಂಬಾಗಿಲಲ್ಲಿ ಸಾಲು ನಿಂತು ಚೀಲ ಬಿಚ್ಚಿ ತೋರಿಸಬೇಕು, ಆ ಕಾವಲಿನವನು ಕನ್ನಡಕದ ಡಬ್ಬಿಯನ್ನೂ ಬಿಡಲಿಲ್ಲ, ತೆಗೀರಿ ಅಜ್ಜ, ಇದರೊಳಗೇನಿದೆ, ಅಜ್ಜನಂತೆ ಅಜ್ಜ, ನಿನ್ನ ವಯಸ್ಸಿನಲ್ಲಿ ನಾನು ಈ ಗೇಟಿಗೆ ಎಣ್ಣೆ ಬಿಡುತ್ತಿದ್ದೆ ಕಣೋ. ಪಟ್ಟಿ ಸಡಿಲಿಸಲು ಹೋದರೆ ಹೆಬ್ಬೆರಳಿನ ಸೀಳುಗುರು ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಹಾಳಾದ ಉಗುರು, ರೋಲರಿನಡಿ ಸಿಕ್ಕಿ ಜಜ್ಜಿಹೋದಾಗಿನಿಂದ ಎರಡು ಹೋಳಾಗಿಯೇ ಬೆಳೆಯುತ್ತದೆ, ಒಂಬತ್ತು ವರ್ಷ ಕತ್ತರಿಸಿದರೂ ಬುದ್ಧಿ ಬಂದಿಲ್ಲ, ಅವತ್ತು ರಕ್ತ ಸುರಿಯುತ್ತಿದ್ದಾಗ ನನ್ನ ತಮ್ಮ ತನ್ನ ಜೇಬಿನಿಂದ ನೀಲಿ ಚೌಕುಳಿಯ ಕರವಸ್ತ್ರ ತೆಗೆದು ಹಲ್ಲಿನಿಂದ ಹರಿದು ಕಟ್ಟಿದ್ದ, ಕಟ್ಟಲಿ, ಕಟ್ಟಿದ್ದೇನು ದೊಡ್ಡದು, ಆಮೇಲೆ ಮಾಡಿದ್ದು ನೋಡಬೇಕಲ್ಲ. ಬೇಗ ಬಾ ಅಪ್ಪ, ಗುಂಪು ಮುಂದೆ ಹೋಯ್ತು. ಬರುತ್ತೇನೆ ತಾಯಿ, ಬರದೆ ಎಲ್ಲಿಗೆ ಹೋಗಲಿ. ಹುಟ್ಟುಹಬ್ಬಕ್ಕೆ ಉಡುಗೊರೆ ಅಪ್ಪ, ನಿನ್ನ ಸ್ಟೇಡಿಯಂ ನಿನಗೇ ತೋರಿಸ್ತೀನಿ ಎಂದು ಮಗಳು ನಯವಾಗಿ ಬಸ್ಸು ಹತ್ತಿಸಿದಳು, ಅರ್ಧ ದಾರಿಯಲ್ಲಿ ಗಂಟು ಬಿಚ್ಚಿದಳು — ಚಿಕ್ಕಪ್ಪನೂ ಬರ್ತಾರೆ, ಎಲ್ಲ ನೋಡಿ ಮುಗಿಸಿದ ಮೇಲೆ ಹೊರಗೆ ಕಾಫಿ ಅಂಗಡೀಲಿ ಕೂತಿರ್ತಾರೆ, ಮುಂದಿನ ತಿಂಗಳು ನನ್ನ ಮದುವೆ, ಅವರಿಲ್ಲದೆ ನಾನು ಆಗಲ್ಲ, ಒಂದೇ ಒಂದು ಮಾತಾಡು. ಒಂದೇ ಮಾತು ತಾನೇ, ಆಡುತ್ತೇನೆ, ನನ್ನ ಹತ್ತಿರವೂ ಒಂದೇ ಇದೆ, ಒಂಬತ್ತು ವರ್ಷದಿಂದ ಹಲ್ಲು ಕಚ್ಚಿ ಇಟ್ಟುಕೊಂಡದ್ದು: ಮೊದಲು ತಪ್ಪಾಯ್ತು ಅನ್ನು, ನಾಲ್ಕು ಜನರ ಎದುರು ಅನ್ನು, ಆಮೇಲೆ ಮದುವೆಗೆ ಬಾ.

ಸುರಂಗದಂಥ ದಾರಿ, ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಬಳಿದರೇನು, ಮೂಲೆಯಲ್ಲಿ ಅದೇ ತೇವ, ನಾನಿದ್ದಾಗಲೂ ಸೋರುತ್ತಿತ್ತು — ಆಮೇಲೆ ಬೆಳಕು, ಥಟ್ಟನೆ, ಎಪ್ಪತ್ತು ಸಾವಿರ ಖಾಲಿ ಕುರ್ಚಿ, ಅಬ್ಬಾ ಎನ್ನುತ್ತಾರೆ ಇವರೆಲ್ಲ, ಮೊಬೈಲು ಎತ್ತುತ್ತಾರೆ, ಹುಲ್ಲಿಗೆ ಬೆನ್ನು ತಿರುಗಿಸಿ ತಮ್ಮ ಮುಖವನ್ನೇ ಹಿಡಿದುಕೊಳ್ಳುತ್ತಾರೆ, ಹುಲ್ಲು ನೋಡುವವನು ಒಬ್ಬನಿಲ್ಲ. ನೋಡುವಂತೆಯೂ ಇಲ್ಲ ಬಿಡಿ, ಉತ್ತರದ ಮೂಲೆ ಹಳದಿ ತಿರುಗಿದೆ, ನೀರು ಮೇಲುಮೇಲೆ ಚಿಮುಕಿಸಿದ್ದಾರೆ, ಬೇರಿಗೆ ಇಳಿದಿಲ್ಲ. ದಯವಿಟ್ಟು ಹುಲ್ಲು ಮುಟ್ಟಬೇಡಿ ಸರ್. ಗೈಡು ಹುಡುಗಿ ನನಗೇ ಹೇಳಿದಳು, ನನಗೆ! ಕೈಯಲ್ಲಿ ಮೈಕು, ತುಟಿಯ ಮೇಲೆ ಬಾಯಿಪಾಠ, ಅಲ್ಲಿ ನೋಡಿ, ಆ ಬಿಳಿ ಚುಕ್ಕೆ, ಚೆಂಡು ಇಟ್ಟು ಒದೆಯೋ ಪೆನಾಲ್ಟಿ ಚುಕ್ಕೆ, ನಮ್ಮ ದೇಶದ ಫುಟ್‌ಬಾಲ್ ಕಪ್ಪು ಕೈತಪ್ಪಿದ್ದು ಅಲ್ಲೇ, ಗೋಲಿನಿಂದ ಸರಿಯಾಗಿ ಹನ್ನೊಂದು ಮೀಟರ್ ಇರಬೇಕಾಗಿದ್ದ ಚುಕ್ಕೆಯನ್ನು ಆರು ಬೆರಳು ದೂರ ಹಾಕಿದ್ದರು, ಕೊನೆ ನಿಮಿಷದ ಒದೆತ ಅಡ್ಡಕಂಬಕ್ಕೆ ಬಡೀತು, ಯಾರೋ ಗ್ರೌಂಡ್ ಕೆಲಸದವರಿಗೆ ಲೆಕ್ಕ ಬರ್ತಿರಲಿಲ್ಲ ಅನ್ಸುತ್ತೆ. ಎಲ್ಲರೂ ನಕ್ಕರು. ನಗಿ, ಹೊಟ್ಟೆ ತುಂಬ ನಗಿ. ಟೋಪಿಯವನೊಬ್ಬ ಗಟ್ಟಿಯಾಗಿ ಹೇಳುತ್ತಾನೆ, ಅಂಥವರನ್ನ ಅದೇ ಚುಕ್ಕೇಲಿ ಹೂಳಬೇಕಿತ್ತು, ಮಗಳು ನನ್ನ ತೋಳು ಹಿಡಿದುಕೊಂಡಳು, ನಾನು ಕೈ ಕೊಡವಿದೆ. ಲೆಕ್ಕ ಬರುತ್ತಿರಲಿಲ್ಲವಂತೆ, ಕೇಳೇ ಹುಡುಗಿ, ಗೋಲು ಗೆರೆ ಎಂದರೆ ಆರು ಬೆರಳು ಅಗಲದ ಬಿಳಿ ಪಟ್ಟಿ, ಅದಕ್ಕೆ ಎರಡು ಅಂಚು, ಬಲೆಯ ಕಡೆಯದು ಹೊರಗಿನದು, ಮೈದಾನದ ಕಡೆಯದು ಒಳಗಿನದು, ಅಳತೆ ಟೇಪಿನ ಸೊನ್ನೆಯ ತುದಿಯನ್ನು ಒಬ್ಬ ಹೊರ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬ ಟೇಪು ಎಳೆದುಕೊಂಡು ಹನ್ನೊಂದು ಮೀಟರು ನಡೆದು ಚುಕ್ಕೆ ಬಳಿಯಬೇಕು, ಹಿಡಿದವನು ಒಳ ಅಂಚಿಗೆ ಒತ್ತಿದರೆ ಕಥೆ ಮುಗಿಯಿತು, ಚುಕ್ಕೆ ಆರು ಬೆರಳು ಆಚೆ. ಇಷ್ಟೇ. ಇಷ್ಟನ್ನು ತಮ್ಮನಿಗೆ ಸಾವಿರ ಸಲ ಹೇಳಿದ್ದೆ, ಅಪ್ಪ ಹೋದಾಗ ಅವನಿಗೆ ಎಂಟು ವರ್ಷ, ಸಾಕಿದವನು ನಾನು, ಇಲ್ಲಿ ಕೆಲಸಕ್ಕೆ ಸೇರಿಸಿದವನು ನಾನು, ಹಿಡಿಯುವವನು ಅವನು, ಬಳಿಯುವವನು ನಾನು, ಯಾವಾಗಲೂ ಹಾಗೇ, ಕೈ ಬಿಗಿ ಹಿಡಿಯೋ, ಹಿಡಿದಿದ್ದೀನಿ ಅಣ್ಣ, ಬಲೆ ಕಡೆ ಅಂಚು ಕಣೋ, ಗೊತ್ತಣ್ಣ, ಎಷ್ಟು ಸಲ ಹೇಳ್ತೀಯ.

ಮತ್ತೆ ಮೆಟ್ಟಿಲು, ಮಂಡಿ ನೋಯುತ್ತದೆ, ಆ ಚುಕ್ಕೆಯ ವಿಚಾರಣೆಯ ದಿನವೂ ಇದೇ ಮೆಟ್ಟಿಲು ಹತ್ತಿದ್ದು, ಉದ್ದನೆಯ ಮೇಜು, ಐದು ಕೋಟು, ಟೇಪಿನ ತುದಿ ಹಿಡಿದೋರು ಯಾರು, ನಾನು ಒಂದು ಕ್ಷಣವೂ ತಡವರಿಸಲಿಲ್ಲ, ನನ್ನ ತಮ್ಮ ಸಾಹೇಬ್ರೆ, ಯಾವಾಗಲೂ ಅವನೇ, ನಿಜ ಹೇಳಲಿಕ್ಕೆ ಅಂಜಿಕೆ ಏಕೆ — ಅವನು ತಲೆ ಎತ್ತಿ ನನ್ನನ್ನು ನೋಡಿದ, ಬಹಳ ಹೊತ್ತು, ಕಳ್ಳ ಸಿಕ್ಕಿಬಿದ್ದಾಗ ನೋಡುತ್ತಾನಲ್ಲ ಹಾಗೆ ಎಂದುಕೊಂಡೆ, ಆಮೇಲೆ ಹೇಳಿದ, ಹೌದು, ನಾನೇ. ಅಲ್ಲಿಗೆ ಅವನ ಕೆಲಸ ಹೋಯಿತು, ಈಗ ಯಾವುದೋ ಶಾಲೆಯ ಅಂಗಳದಲ್ಲಿ ಗೆರೆ ಎಳೆಯುತ್ತಾನಂತೆ, ಎಳೆಯಲಿ. ಆದರೆ ಹೊರಗೆ ಬಂದ ಮೇಲೆ ಏನಂದ ಗೊತ್ತೇ, ಇತ್ತ ಮನೆ ಮಾನ ಬೀದಿಪಾಲಾಗಿದೆ, ಬಾಗಿಲಿಗೆ ಯಾರೋ ಸಗಣಿ ಎರಚಿ ಹೋಗಿದ್ದಾರೆ, ಅಮ್ಮ ಎರಡು ದಿನದಿಂದ ಬಾಯಿಗೆ ನೀರು ಹಾಕಿಲ್ಲ, ಇವನು ತಪ್ಪಾಯಿತು ಎನ್ನುವ ಬದಲು ನನ್ನ ಕೈ ನೋಡಿಕೊಂಡು ಕೇಳುತ್ತಾನೆ, ಬೆರಳು ವಾಸಿಯಾಯ್ತಾ ಅಣ್ಣ. ಬೆರಳಂತೆ! ಎಂಥ ದಪ್ಪ ಚರ್ಮ, ಎಂಥ ಕುಹಕ, ಮಾತು ಹೇಗೆ ತೇಲಿಸುತ್ತಾನೆ ನೋಡಿ ಎಂದು ಮೈಯೆಲ್ಲ ಉರಿದುಹೋಯಿತು, ಅವತ್ತೇ ಮಾತು ಬಿಟ್ಟೆ, ಅಮ್ಮ ತೀರಿಕೊಂಡಾಗಲೂ ಅವನು ಆ ಗೋಡೆಗೆ, ನಾನು ಈ ಗೋಡೆಗೆ. ಇವತ್ತು ಕಾಫಿ ಅಂಗಡಿಯಲ್ಲಿ ಅದನ್ನೇ ಮೊದಲು ಕೇಳುತ್ತೇನೆ, ಬೆರಳು ವಾಸಿಯಾಯ್ತು ಕಣೋ, ನಿನ್ನ ನಾಲಿಗೆ ವಾಸಿಯಾಯ್ತಾ, ಎಲ್ಲರೂ ಕೇಳುವ ಹಾಗೆ ಕೇಳುತ್ತೇನೆ.

ಕೊನೆಯ ಕೋಣೆ, ಪಟಗಳು, ಕಪ್ಪುಗಳು, ಗಾಜಿನೊಳಗೆ ಯಾರದೋ ಬೆವರಿನ ಅಂಗಿ, ಅದಕ್ಕೂ ಕೈಮುಗಿಯುವವರಿದ್ದಾರೆ. ಅಪ್ಪ, ಇಲ್ಲಿ ಬಾ, ನಿನ್ನ ಕೆಲಸದ ಪಟ ಹಾಕಿದ್ದಾರೆ, ಬರೀ ಕೈ ಇದೆ, ಮುಖ ಇಲ್ಲ. ಗೋಡೆಯಗಲದ ಪಟ, ಕೆಳಗೆ ಬರೆದಿದ್ದಾರೆ, ಮಹಾಪಂದ್ಯದ ಮುನ್ನಾದಿನ ಬೆಳಿಗ್ಗೆ, ತೆರೆಮರೆಯ ಕೈಗಳು — ಹಾ, ಸಿಕ್ಕಿತು ಸಾಕ್ಷಿ, ಇದನ್ನೇ ತೋರಿಸುತ್ತೇನೆ ಅವನಿಗೆ, ಎಳೆದು ತಂದು ನಿಲ್ಲಿಸುತ್ತೇನೆ, ಗೋಲು ಗೆರೆ, ಹಸಿ ಬಣ್ಣ ಹೊಳೆಯುತ್ತಿದೆ, ಟೇಪಿನ ತುದಿಯ ಕಬ್ಬಿಣದ ಬಳೆ, ಅದನ್ನು ಒತ್ತಿದ ಹೆಬ್ಬೆರಳು, ಒಳ ಅಂಚಿಗೆ, ನೋಡಿ, ಒಳ ಅಂಚಿಗೇ, ಹೆಬ್ಬೆರಳಿಗೆ ಬಟ್ಟೆ. ನೀಲಿ. ಚೌಕುಳಿ. ಯಾರ ಕೈ ಅಪ್ಪ ಇದು? ಯಾವ ಹಲ್ಕಟ್ ತೆಗೆದನೋ ಈ ಪಟವನ್ನು, ಹೇಳದೆ ಕೇಳದೆ ಹುಲ್ಲಿನ ಮೇಲೆ ಬಂದು, ಬೇರೆ ದಿನದ್ದಿರಬೇಕು, ತಾರೀಕು ತಪ್ಪಿ ಬರೆದಿರಬೇಕು, ಇವರಿಗೇನು ಗೊತ್ತು — ಆದರೆ ಆ ಬಟ್ಟೆ ನನ್ನ ಬೆರಳಿಗೆ ಇದ್ದದ್ದೇ ನಾಲ್ಕು ದಿನ, ಕುಂಚ ಹಿಡಿಯಲಾಗಲಿಲ್ಲ, ಹೌದು, ಬೆರಳು ಮಡಿಸಲು ಬರುತ್ತಿರಲಿಲ್ಲ, ಚುಕ್ಕೆ ನಾನು ಬಳೀತೀನಿ ಬಿಡಣ್ಣ, ನೀನು ಸುಮ್ಮನೆ ತುದಿ ಹಿಡಿ, ಹಸಿ ಬಣ್ಣ ತಾಗಿಸ್ಕೋಬೇಡ, ಕೀವಾಗುತ್ತೆ, ಅವನೇ ಹೇಳಿದ್ದು, ಬಣ್ಣ ತಾಗಬಾರದೆಂದು ನಾನು ಗೆರೆ ದಾಟಿಸಿ ಕೈ ಚಾಚಲಿಲ್ಲ, ಈಚೆಯ ಒಣ ಹುಲ್ಲಿನ ಮೇಲೆಯೇ, ಬಿಗಿ ಹಿಡಿದಿದ್ದೀಯ ಅಣ್ಣ, ಹಿಡಿದಿದ್ದೀನಿ ಎಳೆಯೋ. ಮರೆತಿದ್ದೆನೋ, ಬೇಕೆಂದೇ ಮರೆತಿದ್ದೆನೋ. ಐದು ಕೋಟು, ಅವನು ತಲೆ ಎತ್ತಿದ, ಬಹಳ ಹೊತ್ತು ನೋಡಿದ, ಕಳ್ಳ ಅವನಲ್ಲ, ಅವನು ಕಾಯುತ್ತಿದ್ದ, ನಾನು ಇನ್ನೇನು ನೆನಪಿಸಿಕೊಳ್ಳುತ್ತೇನೆ ಎಂದು ಕಾದ, ಹೌದು, ನಾನೇ, ಬೆರಳು ವಾಸಿಯಾಯ್ತಾ ಅಣ್ಣ. ಬಾ ಅಪ್ಪ, ಹೊರಗೆ ಚಿಕ್ಕಪ್ಪ ಕಾಯ್ತಿದ್ದಾರೆ. ಗಾಜಿನ ಬಾಗಿಲಿನಾಚೆ ಯಾರೋ ಎದ್ದು ನಿಂತರು, ನರೆತ ತಲೆ, ಈ ಕಡೆಗೇ ನೋಡುತ್ತಾನೆ, ಹಾಳಾದ ಉಗುರು ಮತ್ತೆ ಪಟ್ಟಿಗೆ ಸಿಕ್ಕಿಕೊಂಡಿದೆ, ಬಿಡಿಸಲಾಗುತ್ತಿಲ್ಲ, ಗೆರೆ ಆಚೆ, ಬೆರಳು ಈಚೆ, ನೀಲಿ ಬಟ್ಟೆ, ಎಷ್ಟು ಶುಭ್ರವಾಗಿದೆ, ಒಂದು ಹನಿ ಬಣ್ಣ ತಾಗಿಲ್ಲ, ಒಂದು ಹನಿ, ಗೆರೆ ಆಚೆ, ಬೆರಳು ಈಚೆ, ಬೆರಳು —