ಕೆಂಪು ದೀಪಕ್ಕೆ ನಿಲ್ಲುವ ಆಟ

"ಸಭೆ ಶುರು" ಎಂದು ಟೀಚರ್ ಎಗ್ಲೇ ಚೌರಿಯೊ ಪೆನ್ನಿನಿಂದ ಕುರ್ಚಿಯ ಕೈ ಕುಟ್ಟಿದಾಗ ಎವೆನ್ಸಿಯೊ ಬ್ರಾಚೊ, ಇಲ್ಲದ ಕಾರಿನ ಕನ್ನಡಿಯನ್ನು ಸರಿಮಾಡಿಕೊಳ್ಳುತ್ತಿದ್ದ. ಎಡಗೈ ಎತ್ತಿ, ಹಣೆಯ ಮುಂದಿನ ಬರೀ ಗಾಳಿಯನ್ನು ಎರಡು ಬೆರಳಲ್ಲಿ ಹಿಡಿದು, ಚೂರು ಓರೆ ಮಾಡಿ, ಹಿಂದೆ ಕೂತವರೆಲ್ಲ ಅದರಲ್ಲಿ ಕಂಡರು ಎನ್ನುವಂತೆ ತಲೆಯಾಡಿಸಿದ. ಮೊದಲು ಬಲಗೈ ಮಾಡುತ್ತಿದ್ದ ಕೆಲಸ ಅದು. ಹೋದ ವರ್ಷ ಲಕ್ವ ಹೊಡೆದ ಮೇಲೆ ಎಡಗೈಗೆ ವರ್ಗವಾಗಿತ್ತು.

ಹಿಂದೆ ಕೂತವರು ಇಪ್ಪತ್ತೇಳು ಜನ. ಮರಕೈಬೊ ನಗರದ ಆ ಬೀದಿಯ ಇಡೀ ನೆರೆಹೊರೆ ಸಮಿತಿ ತಂತಮ್ಮ ಮನೆಯ ಕುರ್ಚಿ ಹೊತ್ತುಕೊಂಡು ಎವೆನ್ಸಿಯೊನ ಪಡಸಾಲೆಗೆ ಬಂದುಬಿಟ್ಟಿತ್ತು. ಬೆಳಿಗ್ಗೆ ಹತ್ತಕ್ಕೇ ಸೆಕೆ ಸುಡುತ್ತಿತ್ತು. ಒಂದೇ ಫ್ಯಾನು ಎಡಕ್ಕೂ ಬಲಕ್ಕೂ ಮುಖ ತಿರುಗಿಸುತ್ತ ಯಾರ ಪಕ್ಷವನ್ನೂ ವಹಿಸದೆ ತಿರುಗುತ್ತಿತ್ತು. ಎವೆನ್ಸಿಯೊನ ಮಗಳು ಚಿಂಕಾ, ಆಸ್ಪತ್ರೆಯಲ್ಲಿ ನರ್ಸು, ನಿಂಬೆ ಹಿಂಡಿದ ಬೆಲ್ಲದ ಪಾನಕವನ್ನು ಲೋಟ ಲೋಟ ಹಂಚುತ್ತಿದ್ದಳು. ಪಾನಕ ಕುಡಿದವರು ವಿರುದ್ಧ ಮತ ಹಾಕಲು ಸ್ವಲ್ಪ ನಾಚುತ್ತಾರೆ ಎನ್ನುವುದು ಅವಳ ಲೆಕ್ಕಾಚಾರ.

ಹಿಂಸೆ ಕಲಿಸುವ ವಿಡಿಯೊ ಗೇಮುಗಳನ್ನು ಸರ್ಕಾರ ನಿಷೇಧಿಸಿ ಮೂರು ವಾರವಾಗಿತ್ತು. ಬೀದಿ ಬೀದಿಯ ಸಮಿತಿಗಳು ಅವನ್ನು ಒಟ್ಟುಮಾಡಿ ಕೊಡಬೇಕು, ಈ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ವ್ಯಾನು ಬರುತ್ತದೆ ಎಂದು ಚೀಟಿ ಬಂದಿತ್ತು. ಸಮಿತಿಯ ರಟ್ಟಿನ ಪೆಟ್ಟಿಗೆ ಬಾಗಿಲ ಬಳಿ ಕೂತಿತ್ತು. ಅದರಲ್ಲಿ ಜನ ಧಾರಾಳವಾಗಿ ಗೀರು ಬಿದ್ದ ಡಿಸ್ಕುಗಳನ್ನು ಹಾಕಿದ್ದರು. ಗೀರಿಲ್ಲದವು ಗಾಯಿತಾ ಹಾಡಿನ ಡಬ್ಬಿಗಳಲ್ಲೂ ಮದುವೆ ವಿಡಿಯೊದ ಡಬ್ಬಿಗಳಲ್ಲೂ ವೇಷ ಬದಲಿಸಿಕೊಂಡು ಕೂತಿದ್ದವು. ಮೂಲೆಮನೆಯ ಹೆಂಗಸೊಬ್ಬಳು, ಡಿಸ್ಕಿನ ಬದಲು ಗಂಡನನ್ನೇ ಕೊಡಬಹುದೇ, ಅವನೂ ಹಿಂಸೆಯೇ, ಎಂದು ಕೇಳಿ ಹೋಗಿದ್ದಳು.

ಉಳಿದದ್ದು, ಕೊಡಬೇಕೋ ಬೇಡವೋ ಎಂದು ಸಭೆ ತೀರ್ಮಾನಿಸಬೇಕಾದದ್ದು, ಎವೆನ್ಸಿಯೊನ ಒಂದೇ ಒಂದು ಡಿಸ್ಕು. ಅದರ ಡಬ್ಬಿಯ ಮೇಲೆ ಎರಡು ಕೈಯಲ್ಲೂ ಪಿಸ್ತೂಲು ಹಿಡಿದ ಆಸಾಮಿಯ ಚಿತ್ರ.

"ನಮ್ಮಪ್ಪ ಆ ಪಿಸ್ತೂಲು ಮುಟ್ಟೇ ಇಲ್ಲ ಟೀಚರಮ್ಮ" ಎಂದಳು ಚಿಂಕಾ. "ಅದರೊಳಗೆ ಒಂದು ಊರಿದೆ. ಆ ಊರಲ್ಲಿ ಕಾರು ಓಡಿಸ್ತಾರೆ. ಅಷ್ಟೇ. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ಹಿಸುಕು ಅಂದ್ರೆ ಎಸೆದುಬಿಟ್ಟೋರು, ಇದನ್ನ ಕೊಟ್ಟ ಮೇಲೆ ಬೆರಳು ಅಲ್ಲಾಡಿಸಿದ್ದು."

"ಕಾನೂನು ಯಾರು ಆಡ್ತಾರೆ ಅಂತ ಕೇಳಲ್ಲ ಮಗಳೇ. ಏನು ಆಡ್ತಾರೆ ಅಂತ ಕೇಳತ್ತೆ." ಟೀಚರ್ ಎಗ್ಲೇ ಮೂವತ್ತು ವರ್ಷ ಐದನೇ ಕ್ಲಾಸಿಗೆ ಪಾಠ ಹೇಳಿದವರು. ಬೀದಿಯ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರು.

"ಕಾನೂನು ಏನು ಕೇಳತ್ತೆ ಮಕ್ಕಳೇ?" ಎಂದು ಹಿಂದಿನಿಂದ ಅದೇ ಧ್ವನಿ, ಅದೇ ಮೂಗಿನ ಎಳೆತ, ಕೊನೆಗೆ ಅದೇ ಸಣ್ಣ ಕೆಮ್ಮು ಕೇಳಿಸಿತು. ಟೀಚರ್ ತಿರುಗಲೇ ಇಲ್ಲ. ಪ್ಲಂಬರ್ ನೇರಿಯೊ ಅವರನ್ನು ಅಣಕಿಸುವುದು ಐದನೇ ಕ್ಲಾಸಿನಿಂದಲೂ ನಡೆದುಬಂದದ್ದು.

"ನೇರಿಯೊ ವಿಯಸ್ಮಿಲ್, ಎದ್ದು ನಿಂತು ಮಾತಾಡು."

ನೇರಿಯೊ ಎದ್ದ. ಈಗ ಸ್ವಂತ ಧ್ವನಿ. "ಟೀಚರಮ್ಮ, ನಾವು ಮಕ್ಕಳ ಹುಟ್ಟುಹಬ್ಬಕ್ಕೆ ಏನು ಮಾಡ್ತೀವಿ? ಕಾಗದದ ಕತ್ತೆ ನೇತುಹಾಕಿ, ಮಗುವಿನ ಕಣ್ಣು ಕಟ್ಟಿ, ಕೈಗೆ ದೊಣ್ಣೆ ಕೊಟ್ಟು, ಹೊಟ್ಟೆ ಒಡೆದು ಮಿಠಾಯಿ ಉದುರೋವರೆಗೂ ಚಚ್ಚು ಅಂತೀವಿ. ಆಮೇಲೆ ಚಪ್ಪಾಳೆ ತಟ್ಟಿ ಕೇಕ್ ತಿಂತೀವಿ. ಆ ಕತ್ತೆ ಪರ ಯಾವ ಕಾನೂನಿದೆ ಹೇಳಿ!"

ನಗು ಎದ್ದಿತು. ಬೀದಿಯಲ್ಲೇ ಹಿರಿಯಳಾದ, ದೇಹದಲ್ಲೂ ಎಲ್ಲರಿಗಿಂತ ವಿಶಾಲಳಾದ, ಎಲ್ಲರೂ ಗೌರವಕ್ಕೆ 'ದೋನ್ಯ' ಎನ್ನುತ್ತಿದ್ದ ಎದಿಲ್ಮಾ ಮುಂದಿನ ಸಾಲಿನಿಂದ ಕೋಲು ಕುಟ್ಟಿದಳು. "ಸಾಕು ನಿಮ್ಮ ಕತ್ತೆಪುರಾಣ. ನೋಡದೇ ಇರೋದನ್ನ ಹ್ಯಾಗೆ ಬೈಯೋದು? ಹಾಕಪ್ಪ ಎವೆನ್ಸಿಯೊ, ನೋಡೇಬಿಡೋಣ."

ಅದೇ ಎಲ್ಲರ ಮನಸ್ಸಿನಲ್ಲಿ ಇದ್ದದ್ದು. ಹಿಂದಿನ ಸಾಲು ಕುರ್ಚಿಗಳನ್ನು ಕರಕರ ಎಳೆದುಕೊಂಡು ಮುಂದೆ ಬಂತು.

ಎವೆನ್ಸಿಯೊ ಮೂವತ್ತನಾಲ್ಕು ವರ್ಷ ಬೆಯ್ಯಾ ವಿಸ್ತಾ ಲೈನಿನಲ್ಲಿ ಸೀಟು ಕಾರು ಓಡಿಸಿದವನು. ಹಡಗಿನಂಥ ಉದ್ದನೆ ಹಳೇ ಕಾರು, ಐದು ಸೀಟು, ತುಂಬಿದರೆ ಹೊರಡುವುದು, ಹೇಳಿದ ಕಡೆ ನಿಲ್ಲಿಸುವುದು. ಲಕ್ವ ಲೈಸೆನ್ಸನ್ನೂ ಕಾರನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಈಗ ಅವನು ಆಟದ ಹಿಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಗುಂಡಿಗಳ ಮೇಲೆ ಕೂರಿಸಿದ. ಟೀವಿಯಲ್ಲಿ ಊರೊಂದು ಬೆಳಗಾಯಿತು. ತಾಳೆಮರಗಳು, ಅಂಗಡಿಗಳು, ದೂರದಲ್ಲಿ ನೀರು. ಆಟದ ಆಸಾಮಿ ಫುಟ್‌ಪಾತಿನಲ್ಲಿ ನಡೆದ, ನಡೆದ, ನಿಂತಿದ್ದ ಖಾಲಿ ಕಾರೊಂದನ್ನು ಕಂಡು ಬಾಗಿಲು ತೆಗೆದ.

"ಅದು ಯಾರ ಕಾರು?" ಟೀಚರ್ ಎಗ್ಲೇ ಕನ್ನಡಕ ಏರಿಸಿದರು.

"ಗೊತ್ತಿಲ್ಲ ಟೀಚರಮ್ಮ."

"ಹಾಗಾದ್ರೆ ಕಳ್ಳತನ. ಬರ್ಕೊಳ್ತೀನಿ."

"ಕತ್ತಲಾಗೋ ಮುಂಚೆ ಅದೇ ಜಾಗದಲ್ಲಿ ತಂದು ನಿಲ್ಲಿಸ್ತೀನಲ್ಲ" ಎಂದ ಎವೆನ್ಸಿಯೊ, ಸ್ವಲ್ಪ ನೊಂದು. "ಬೇರೆಯವರನ್ನ ಎಳೆದು ಇಳಿಸಿ ತಗೋಬಹುದಂತೆ. ನಂಗೆ ಅದು ಬರಲ್ಲ."

ಟೀಚರ್ ಬರೆದರು: ಕಳ್ಳತನ, ವಾಪಸು ಕೊಡುವ ಉದ್ದೇಶದಿಂದ.

ಕಾರು ಹೊರಟಿತು. ಅಕ್ಕಪಕ್ಕದ ಕಾರುಗಳೆಲ್ಲ ಸುಯ್ ಎಂದು ಹಾರುತ್ತಿದ್ದರೆ ಎವೆನ್ಸಿಯೊನದು ಬಲಬದಿ ಹಿಡಿದು ಮೆಲ್ಲಗೆ ಸಾಗಿತು. ಕೆಂಪು ದೀಪ ಬಿತ್ತು. ನಿಲ್ಲಿಸಿದ. ಆ ಊರಿನಲ್ಲಿ ಕೆಂಪು ದೀಪಕ್ಕೆ ನಿಂತವನನ್ನು ಇಟ್ಟು ಪೂಜೆ ಮಾಡಬೇಕು, ಅಷ್ಟು ಅಪರೂಪ. ಮುದುಕಿಯೊಬ್ಬಳು ಅಡ್ಡ ಬಂದಳು. ಕಾದ.

"ಫಾರ್ಮಸಿ ಹತ್ರ ಇಳಿಸಪ್ಪ" ಎಂದುಬಿಟ್ಟಳು ದೋನ್ಯ ಎದಿಲ್ಮಾ.

ಅಭ್ಯಾಸ. ಇಪ್ಪತ್ತು ವರ್ಷ ಅವಳು ಅವನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಅದನ್ನೇ ಹೇಳಿದ್ದಳು. ಎವೆನ್ಸಿಯೊ ಹಿಂತಿರುಗಿ ನೋಡದೆ, ಹಸಿರು ಶಿಲುಬೆಯ ಬೋರ್ಡು ಕಂಡ ಕಡೆ ಬದಿಗೆ ತಂದು ನಿಲ್ಲಿಸಿದ. ಬಾಗಿಲು ತೆಗೆದು ಹಾಕುವಷ್ಟು ಹೊತ್ತು ಕಾದ. "ಬಾಗಿಲು ಮೆಲ್ಲಗೆ ಹಾಕು ದೋನ್ಯ, ಅದು ಫ್ರಿಜ್ಜಿನ ಬಾಗಿಲಲ್ಲ" ಎಂದ.

ಅಲ್ಲಿಗೆ ಇಡೀ ಸಭೆಯೇ ಒಂದು ಕಾರಾಯಿತು. "ಮೂಲೇಲಿ ನಿಲ್ಸು ಮಾವ!" "ಚರ್ಚು ದಾಟಿ!" "ಅಯ್ಯೋ, ಮುಂದೆ ಬಂದ್ಬಿಟ್ಟೆ, ನಾನು ಹೇಳಿದ್ದು ಕೇಳಲಿಲ್ವಾ?" ನೇರಿಯೊ ಬಾಯಲ್ಲೇ ಹಳೇ ಇಂಜಿನ್ನು ಗುರುಗುಟ್ಟಿಸಿದ, ಗೇರ್ ಕಚ್ಚಿಸಿದ, ಕಿಟಕಿಯಿಂದ ತಲೆ ಹಾಕಿದವನಂತೆ "ಬೆಯ್ಯಾ ವಿಸ್ತಾ, ಬೆಯ್ಯಾ ವಿಸ್ತಾ, ಒಂದೇ ಸೀಟು!" ಎಂದು ಕೂಗಿದ. ಇನ್ನೂ ತುಂಬದೆ ಉಳಿದಿದ್ದ ಆ ಒಂದು ಸೀಟು ಟೀಚರದು. ಅವರೂ ಬರೆಯುವುದನ್ನು ನಿಲ್ಲಿಸಿ, "ಆ ನೀಲಿ ಕಟ್ಟಡ ಏನು? ಸ್ಕೂಲಾ?" ಎಂದು ಕೇಳಿದರು.

"ಗೊತ್ತಿಲ್ಲ ಟೀಚರಮ್ಮ. ಮಕ್ಕಳೇ ಬರಲ್ಲ. ಈ ಊರಲ್ಲಿ ಮಕ್ಕಳೇ ಇಲ್ಲ."

"ಮಕ್ಕಳೇ ಇಲ್ವಾ!" ಟೀಚರ್ ಮುಖ ಟೀವಿಗೆ ಇನ್ನಷ್ಟು ಹತ್ತಿರ ಬಂತು.

ಮುಂದಿನ ಕೆಂಪು ದೀಪಕ್ಕೂ ಎವೆನ್ಸಿಯೊ ನಿಲ್ಲಿಸಿದ. ಹಿಂದಿನಿಂದ ಬಂದ ಬಿಳಿ ವ್ಯಾನೊಂದು ಧಡ್ ಎಂದು ಗುದ್ದಿತು. ಅದರಿಂದ ಬನಿಯನ್ನು ಹಾಕಿದ ಒಬ್ಬ ಇಳಿದು ಬಂದು, ಎವೆನ್ಸಿಯೊನ ಆಸಾಮಿಯನ್ನು ಕಾಲರ್ ಹಿಡಿದು ರಸ್ತೆಗೆ ಎಳೆದು ಹಾಕಿ ಗುದ್ದತೊಡಗಿದ.

"ಅಯ್ಯೋ! ನಿಂತಿದ್ದೋನಿಗೆ ಗುದ್ದಿ, ಮೇಲೆ ಹೊಡೆಯೋದಾ!" ದೋನ್ಯ ಎದಿಲ್ಮಾ ಕೋಲೆತ್ತಿದಳು.

"ಏಳು ಮಾವ, ಏಳು! ಹೊಡಿ ಅವನಿಗೆ!"

"ನಂಗೆ ಹೊಡೆಯೋ ಗುಂಡಿ ಯಾವುದೂಂತ ಗೊತ್ತಿಲ್ಲ!" ಎವೆನ್ಸಿಯೊ ತಡವರಿಸಿದ.

"ದುಂಡಗಿರೋದು! ದುಂಡಗಿರೋದು ಒತ್ತು!" ಇದು ನೇರಿಯೊ. ಆಟ ಗೊತ್ತೇ ಇಲ್ಲ ಎಂದು ಹೋದ ವಾರ ಸಮಿತಿಯ ಮುಂದೆ ಪ್ರಮಾಣ ಮಾಡಿದವನು.

"ಹೊಡಿ! ಹೊಡಿಯಪ್ಪ! ಬಿಡಬೇಡ!" ಎಲ್ಲರಿಗಿಂತ ಮೇಲೆ, ಐದನೇ ಕ್ಲಾಸಿನ ಕೊನೇ ಬೆಂಚಿಗೂ ಮುಟ್ಟುವ ಧ್ವನಿ. ನೇರಿಯೊ ಅಣಕಿಸಿದ್ದಲ್ಲ. ಅವನು ಬಾಯಿ ಮುಚ್ಚಿಕೊಂಡು ಟೀಚರನ್ನೇ ನೋಡುತ್ತಿದ್ದ.

ಎವೆನ್ಸಿಯೊನ ಬಲ ಹೆಬ್ಬೆರಳು ಇಳಿಯಿತು. ಒಂದು, ಎರಡು, ಮೂರು ಸಲ. ಬನಿಯನ್ನಿನವನು ರಸ್ತೆಯ ಮೇಲೆ ಬಿದ್ದ, ಏಳಲಿಲ್ಲ. ಪಡಸಾಲೆ ಚೀರಿತು, ಚಪ್ಪಾಳೆ ತಟ್ಟಿತು. ಆಮೇಲೆ ಫ್ಯಾನು ಒಂದು ಸಲ ಎಡದಿಂದ ಬಲಕ್ಕೆ ಹೋಗುವಷ್ಟು ಹೊತ್ತಿನಲ್ಲಿ ಎಲ್ಲ ಸದ್ದೂ ಇಂಗಿಹೋಯಿತು. ಬಿದ್ದವನ ಕೆಳಗೆ ಕೆಂಪು ಹರಡುತ್ತಿತ್ತು. ಎವೆನ್ಸಿಯೊ ಆಟ ನಿಲ್ಲಿಸಿದ. ಚಿತ್ರ ಹಾಗೇ ಗಟ್ಟಿಯಾಯಿತು.

ಟೀಚರ್ ಎಗ್ಲೇ ಬಹಳ ಹೊತ್ತು ಬರೆದರು. ಬರೆದದ್ದನ್ನು ಓದಿದರು: "ಸಭೆ ಹೊಡಿ ಎಂದು ಕೂಗಿತು. ನಾನೂ ಕೂಗಿದೆ. ಎಗ್ಲೇ ಚೌರಿಯೊ, ಅಧ್ಯಕ್ಷೆ." ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಮತ. ಡಿಸ್ಕು ಪೆಟ್ಟಿಗೆಗೆ ಹೋಗಬೇಕು ಅನ್ನೋರು ಕೈಯೆತ್ತಿ."

"ಒಂದು ಸಲ ತಾನೇ ಟೀಚರಮ್ಮ, ಅದೂ ನಾವು ಹೇಳಿದ್ದಕ್ಕೆ" ಎಂದಳು ಚಿಂಕಾ. ಖಾಲಿ ಜಗ್ಗನ್ನು ಎದೆಗೆ ಅಪ್ಪಿಕೊಂಡಿದ್ದಳು. ಯಾರೂ ಕೈಯೆತ್ತಲಿಲ್ಲ. ಕೆಲವರು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಆಗ ಮುಂದಿನ ಕುರ್ಚಿಯಿಂದ ಒಂದು ಕೈ ಎದ್ದಿತು. ಬಲಗೈ. ಮೆಲ್ಲಗೆ ತೊಡೆ ಬಿಟ್ಟು, ಎದೆ ದಾಟಿ, ಭುಜದ ಮಟ್ಟಕ್ಕೆ ಬಂದು, ಒಂದು ಗಳಿಗೆ ನಿಂತು, ಕಿವಿಗಿಂತ ಮೇಲೆ ಹೋಯಿತು.

"ಅಪ್ಪಾ..." ಎಂದಳು ಚಿಂಕಾ. ಹೋದ ವರ್ಷದಿಂದ ಆ ಕೈ ಊಟದ ತಟ್ಟೆಗಿಂತ ಮೇಲೆ ಎದ್ದಿರಲಿಲ್ಲ.

"ಮೂವತ್ತನಾಲ್ಕು ವರ್ಷ ಆ ಲೈನಲ್ಲಿ ಎಷ್ಟು ಜನ ಗುದ್ದಿದ್ರು, ಎಷ್ಟು ಜನ ತಾಯಿ ಎತ್ತಿ ಬೈದ್ರು" ಎಂದ ಎವೆನ್ಸಿಯೊ. "ನಾನು ಇಳಿದು ಒಬ್ಬನ ಮೇಲೂ ಕೈ ಮಾಡಿರಲಿಲ್ಲ. ಬರೀರಿ ಟೀಚರಮ್ಮ. ಒಂದು ಮತ."

ಅವರು ಬರೆಯಲಿಲ್ಲ. ಅವನು ಕೈ ಇಳಿಸಲಿಲ್ಲ. ಕೊನೆಗೆ ಕೈ ನೋಯುವುದು ಎಲ್ಲರಿಗೂ ಕಂಡಿತು. ಅದನ್ನು ಇಳಿಸಲಿಕ್ಕಾಗಿಯೇ ಎಂಬಂತೆ ದೋನ್ಯ ಎದಿಲ್ಮಾ ತನ್ನ ಕೈಯೆತ್ತಿದಳು, ನೇರಿಯೊ ಎತ್ತಿದ, ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಚಿಂಕಾ ಜಗ್ಗನ್ನು ಬಿಡಲಿಲ್ಲ.

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಕುರ್ಚಿ ಹೊತ್ತು ಹೋಗಬಹುದಿತ್ತು. ಯಾರೂ ಏಳಲಿಲ್ಲ.

"ವ್ಯಾನು ಬರೋದು ಹನ್ನೆರಡಕ್ಕೆ" ಎಂದರು ಟೀಚರ್ ಎಗ್ಲೇ, ಯಾರನ್ನೂ ನೋಡದೆ. "ಎವೆನ್ಸಿಯೊ, ಅಲ್ಲಿ ದೂರದಲ್ಲಿ ಒಂದು ಸೇತುವೆ ಕಾಣತ್ತಲ್ಲ. ಅದರಾಚೆ ಏನಿದೆ?"

"ಹೋಗಿಲ್ಲ. ನನ್ನ ಲೈನು ಈಚೆ ಕಡೆದು."

"ಇಷ್ಟು ದಿನದಲ್ಲಿ ಒಂದ್ಸಲಾನೂ ನೋಡಬೇಕು ಅನಿಸಲಿಲ್ವಾ?"

ಎವೆನ್ಸಿಯೊ ಯೋಚಿಸಿದ. "ಪ್ಯಾಸೆಂಜರು ಕೇಳಿದ್ರೆ ತಾನೇ ಹೋಗೋದು."

"ಕೇಳ್ತಾ ಇದೀನಿ" ಎಂದರು ಟೀಚರ್, ಕುರ್ಚಿಯನ್ನು ದೋನ್ಯ ಎದಿಲ್ಮಾಳ ಪಕ್ಕಕ್ಕೆ ಎಳೆದುಕೊಂಡು.

ಎವೆನ್ಸಿಯೊ ಆಟ ಮತ್ತೆ ಶುರುಮಾಡಿದ. ಅವನ ಆಸಾಮಿ ಬಿದ್ದವನನ್ನು ಸುತ್ತುಹಾಕಿ ಕಾರು ಹತ್ತಿದ. ನೇರಿಯೊ ಈ ಸಲ ಇಂಜಿನ್ನಿನ ಸದ್ದು ಮಾಡಲಿಲ್ಲ. ಕಾರು ಬಂದರು ದಾಟಿ, ಏರು ಹತ್ತಿ, ಸೇತುವೆಯ ಕಂಬಗಳ ನೆರಳುಗಳನ್ನು ಒಂದೊಂದಾಗಿ ನುಂಗುತ್ತ ಹೋಯಿತು. ಎರಡೂ ಕಡೆ ನೀರು. ನಮ್ಮ ಮರಕೈಬೊ ಸರೋವರದ ಥರಾನೇ ಇದೆ ಎಂದರು ಯಾರೋ. ನಮ್ಮದು ಇಷ್ಟು ಸ್ವಚ್ಛ ಇಲ್ಲ ಎಂದರು ಇನ್ನೊಬ್ಬರು. ಆಚೆ ದಡದಲ್ಲಿ ಊರಿರಲಿಲ್ಲ. ಹುಲ್ಲು, ಒಂದು ಬಾಗಿದ ಬೇಲಿ, ಮುಂದೆ ರಸ್ತೆ ಮುಗಿದು ಮರಳು. ಎವೆನ್ಸಿಯೊ ಬದಿಗೆ ತಂದು ನಿಲ್ಲಿಸಿದ.

ಆಟದ ಹಗಲು ಹನ್ನೆರಡೇ ನಿಮಿಷದ್ದು. ಸೂರ್ಯ ಕಣ್ಣೆದುರೇ ಜಾರಿ ನೀರಿಗಿಳಿಯತೊಡಗಿದ. ಟೀವಿಯ ಕಿತ್ತಳೆ ಬೆಳಕು ಇಪ್ಪತ್ತೇಳು ಮುಖಗಳ ಮೇಲೆ ಬಿತ್ತು. ಹೊರಗೆ ಬೀದಿಯಲ್ಲಿ ಉರಿಬಿಸಿಲು.

"ಇಲ್ಲಿ ಚಂದ್ರ ಬರ್ತಾನಾ?" ದೋನ್ಯ ಎದಿಲ್ಮಾ ಪಿಸುಗುಟ್ಟಿದಳು.

"ಗೊತ್ತಿಲ್ಲ ದೋನ್ಯ. ಕತ್ತಲಾಗೋವರೆಗೂ ನಾನು ಯಾವತ್ತೂ ಇದ್ದಿಲ್ಲ."

ಚಿಂಕಾ ಜಗ್ಗು ಕೆಳಗಿಟ್ಟು ಬಂದು, ಕುರ್ಚಿ ಸಿಗದೆ, ಅಪ್ಪನ ಕಾಲಬಳಿ ನೆಲದ ಮೇಲೆ ಕೂತಳು. ಬೀದಿಯ ತುದಿಯಲ್ಲಿ ಯಾವುದೋ ಗಾಡಿಯ ಹಾರ್ನ್ ಕೇಳಿಸಿತು. ಯಾರೂ ತಿರುಗಲಿಲ್ಲ. ಎಲ್ಲರ ಕಣ್ಣೂ ಟೀವಿಯ ಮೇಲಿನ ಬಲ ಮೂಲೆಯಲ್ಲಿ, ಕಪ್ಪಾಗುತ್ತಿದ್ದ ಆಕಾಶದ ಮೇಲಿತ್ತು.